ಎಡ ಮಗ್ಗುಲು

"ಸ್ವಲ್ಪ ಓರೆ ಮಾಡಿ ಸಾರ್, ಪೆಡಲು ಬಾಗಿಲಿಗೆ ತಾಗ್ತಿದೆ!"

ಟೈಲರ್ ತಾತನ ದೇಹ ಮಲಗಿಸಲು ಜಾಗ ಬೇಕಿತ್ತು. ಹೊಲಿಗೆ ಮೆಷಿನ್ನನ್ನು ಹೊರಗೆ ಸಾಗಿಸುತ್ತಿದ್ದ ನಾಲ್ವರಲ್ಲಿ ಮೂವರು ಡಾಕ್ಟರರು. ತಾತನ ತಮ್ಮನಿಗೆ ಇದೇ ಅರ್ಥವಾಗಲಿಲ್ಲ.

"ಅತ್ತಿಗೆ, ಇಷ್ಟೊಂದು ಡಾಕ್ಟ್ರಿದ್ದೂ ಅಣ್ಣ ಉಳೀಲಿಲ್ವಲ್ಲ!"

"ಇವ್ರು ಅವರನ್ನ ಉಳಿಸೋಕೆ ಬಂದೋರಲ್ಲಪ್ಪ," ಅಜ್ಜಿ ಕಣ್ಣೊರೆಸಿಕೊಂಡರು. "ಅವರ ಎದೆ ಮೇಲೆ ಪರೀಕ್ಷೆ ಬರೆದೋರು."

ಚಿಕ್ಕಂದಿನ ಜ್ವರವೊಂದು ತಾತನ ಹೃದಯದ ಕವಾಟವನ್ನು ಕಿರಿದಾಗಿಸಿ ಹೋಗಿತ್ತು. ಡಾಕ್ಟರ್ ಓದಿನ ಕೊನೆಯ ಪರೀಕ್ಷೆ ಬಂದಾಗಲೆಲ್ಲ ಆಸ್ಪತ್ರೆಯವರು ಅವರನ್ನು ಕರೆಸುತ್ತಿದ್ದರು. ವಿದ್ಯಾರ್ಥಿಗಳು ಅವರ ಎದೆಗೆ ಸ್ಟೆತಸ್ಕೋಪ್ ಇಟ್ಟು ಕಾಯಿಲೆ ಯಾವುದೆಂದು ಹೇಳಬೇಕು. ತಾತ ಇಸ್ತ್ರಿ ಅಂಗಿ ತೊಟ್ಟು, ಮದುವೆಗೆ ಹೊರಟವರಂತೆ ಹೋಗುತ್ತಿದ್ದರು.

ಗೋಡೆಗೊರಗಿ ನಿಂತಿದ್ದ ಹುಡುಗಿಗೆ ನಿನ್ನೆಯಷ್ಟೇ ವೈದ್ಯವೃತ್ತಿಯ ಲೈಸೆನ್ಸ್ ಬಂದಿತ್ತು. ನಾಳೆಯಿಂದ, ಹಿಂದೆ ನಿಂತು ತಿದ್ದುವ ಹಿರಿಯರಿಲ್ಲದೆ, ಒಬ್ಬಳೇ ರೋಗಿಗಳನ್ನು ನೋಡಬೇಕು. ಆ ಲೈಸೆನ್ಸು ತನ್ನ ಗಳಿಕೆಯೋ, ತಾತ ಕೊಟ್ಟ ದಾನವೋ ಎಂಬ ಅಳುಕು ಅವಳನ್ನು ಕೊರೆಯುತ್ತಿತ್ತು.

*

ಹೋದ ವರ್ಷ, ಎರಡು ಸಲ ಫೇಲಾಗಿ ಮತ್ತೆ ಅದೇ ಪರೀಕ್ಷೆಗೆ ಬಂದಿದ್ದಳು. ತಾತನ ಎದೆಯ ಮೇಲೆ ಸ್ಟೆತಸ್ಕೋಪನ್ನು ಅಲ್ಲಿಗೆ ಇಲ್ಲಿಗೆ ಸರಿಸಿದಳು. ಏನೂ ಕೇಳಿಸಲೊಲ್ಲದು. ಕಿಟಕಿಯ ಬಳಿ ಪರೀಕ್ಷಕರು ಕೆಮ್ಮಿದರು.

"ಬೆನ್ನು ಹಿಡ್ಕೊಂಡ್ಬಿಡ್ತು ಮಗಾ," ಎನ್ನುತ್ತ ತಾತ ತಾವಾಗಿಯೇ ಎಡ ಮಗ್ಗುಲಾದರು.

ಆಗ ಕೇಳಿಸಿತು, ದೂರದ ಗಾಡಿಯ ಸದ್ದಿನಂಥ ಸಣ್ಣ ಗುಡುಗುಡು. ಎಡಕ್ಕೆ ಹೊರಳಿಸಿ ಕೇಳಬೇಕೆಂದು ಓದಿದ್ದಳು; ಭಯದಲ್ಲಿ ಮರೆತೇಹೋಗಿತ್ತು.

*

"ಅಜ್ಜಿ, ಅವತ್ತು ತಾತ ಬೇಕೂಂತಲೇ ಹೊರಳಿದ್ರು. ಅವರಿಂದ ನಾನು ಪಾಸಾದೆ."

ಅಂಥ ಹೊತ್ತಿನಲ್ಲೂ ಅಜ್ಜಿಗೆ ನಗು ಬಂತು. "ಎಲ್ರಿಗೂ ಹೊರಳ್ತಿದ್ರು ಕಣೇ. ಆದ್ರೂ ಅರ್ಧ ಜನ ಡುಮ್ಕಿ! 'ಇನ್ನೇನು, ತಲೆಕೆಳಗಾಗಿ ನಿಲ್ಲಲಾ?' ಅಂತ ಮನೇಲಿ ಬಂದು ಪೇಚಾಡೋರು."

ಹುಡುಗಿ ತಲೆಯೆತ್ತಿದಳು.

"ಪರೀಕ್ಷೆ ಮುಗಿದ ಮೇಲೆ ವಾಪಸ್ ಬಂದು ಅವರ ಅಂಗಿ ಗುಂಡಿ ಹಾಕಿದೋಳು ನೀನೇ ತಾನೆ? ಎಲ್ಲಾ ಒಂದೊಂದು ಕಾಜಾ ತಪ್ಪಿತ್ತು. ಟೈಲರ್ ಆಗಿದ್ದೂ ಹಾಗೇ ಬೀದಿಯಲ್ಲಿ ನಡ್ಕೊಂಡು ಬಂದ್ರು, ಬಿಚ್ಚಿ ಹಾಕೋಕೆ ಮನಸ್ಸಾಗ್ಲಿಲ್ವಂತೆ."

ಶವದ ಗಾಡಿ ಬಂತು. ಎದ್ದ ಅಜ್ಜಿ ತೂರಾಡಿದರು. ಹಿರಿಯ ಡಾಕ್ಟರೊಬ್ಬರು ಧಾವಿಸಿದರು.

"ನೀವಿರಿ ಸಾರ್. ನಮ್ಮ ಡಾಕ್ಟ್ರು ಇಲ್ಲೇ ಇದ್ದಾಳೆ." ಅಜ್ಜಿ ಮೆಟ್ಟಿಲ ಮೇಲೆ ಕೂತು, ಬಳೆ ಹಿಂದಕ್ಕೆ ಸರಿಸಿ, ಮಣಿಕಟ್ಟನ್ನು ಪಕ್ಕ ಬಂದು ಕೂತ ಹುಡುಗಿಯ ಮಡಿಲಿಗಿಟ್ಟರು.

ಅವಳು ನಾಡಿ ಹುಡುಕಿದಳು. ಬೆರಳಿಗೆ ಸಿಕ್ಕಿತು; ತುಟಿಯಲ್ಲೇ ಎಣಿಸತೊಡಗಿದಳು. ಅವಳ ಮುಖ ನೋಡಿದ ಗಾಡಿಯ ಚಾಲಕ, ಯಾರೂ ಹೇಳದೆಯೇ ಎಂಜಿನ್ ಆರಿಸಿದ.