ಗೇಟಿನ ಭಾನಕ್ಕ

ಅವ್ವನ ಹಣೆಗೆ ವಿಭೂತಿ ಎಳೆದು, ಶವಪೆಟ್ಟಿಗೆಯ ಮೇಲೆ ಬಗ್ಗಿ, "ಹೋಗಿ..." ಎಂದು ರಜನಿ ಬಾಯಿ ತೆರೆಯುವುದಕ್ಕೂ ನೆರೆಮನೆಯ ಶಕುಂತಲಾ ಆಂಟಿಯ ಅಂಗೈ ಅದಕ್ಕೆ ಅಡ್ಡ ಬರುವುದಕ್ಕೂ ಸರಿಹೋಯಿತು.

"ಏಯ್! ಸತ್ತೋರಿಗೆ 'ಹೋಗಿ ಬಾ' ಅಂತಾರೇನೇ? ಬಾ ಅಂದ್ರೆ ಆ ಜೀವ ಹೋಗೋದು ಹೇಗೆ? ಬಾಗಿಲಲ್ಲೇ ನಿಂತುಬಿಡತ್ತೆ. ಸುಮ್ನೆ ಕೈಮುಗಿ, ಸಾಕು."

ಸಿಂಗಪುರದ ಜುರಾಂಗ್ ವೆಸ್ಟಿನ ಆ ಬ್ಲಾಕಿನ ಬುಡದಲ್ಲಿ, ಗೋಡೆಯಿಲ್ಲದ ವಾಯ್ಡ್ ಡೆಕ್ಕಿನಲ್ಲಿ ಬಾಡಿಗೆ ಫ್ಯಾನುಗಳು ಬಿಸಿಗಾಳಿಯನ್ನೇ ತಿರುವುತ್ತಿದ್ದವು. ರಜನಿ ಕೈಮುಗಿದಳು.

"ಬಟ್ ಅಜ್ಜಿ ಎಲ್ಲರಿಗೂ ಅದನ್ನೇ ಹೇಳ್ತಿದ್ರಲ್ಲ ಆಂಟಿ," ಎಂದಳು ರಜನಿಯ ಮಗಳು ಇಶಿತಾ, ಸಿಂಗಪುರದ ಧಾಟಿಯಲ್ಲಿ. "ಅದು ಅವರ ಜಾಬ್ ಲಾ."

"ಏನ್ ಜಾಬು?" ಹಿಂದಿನ ಕುರ್ಚಿಯಿಂದ ಬದರಿನಾಥ್ ಅಂಕಲ್ ಕೇಳಿದರು.

"ಸತ್ಯವತಿ ಪಾರ್ಕಲ್ಲಿ. ಹೊರಗೆ ಹೋಗೋ ಗೇಟಲ್ಲಿ."

"ಯಾರು, ಜನಪದ ಹಾಡೋ ಸತ್ಯವತೀನಾ? ಅಯ್ಯೋ, ಲಾಸ್ಟ್ ಟ್ರಿಪ್ಪಲ್ಲಿ ನಾವೂ ಹೋಗಿದ್ವಿ! ಜೈಂಟ್ ವೀಲ್ ಹತ್ತಿ ನಮ್ಮೋಳು ವಾಂತಿ ಮಾಡ್ಕೊಂಡು..." ಹೆಂಡತಿ ಕಣ್ಣು ಬಿಟ್ಟದ್ದಕ್ಕೆ ಅವರು ಅಲ್ಲಿಗೇ ನಿಲ್ಲಿಸಿದರು.

*

ಸತ್ಯವತಿ ಕಳೆ ಕೀಳುತ್ತ ಹಾಡು ಕಲಿತವಳು. ಹಾಡು ಅವಳನ್ನು ದೇಶವೆಲ್ಲ ಸುತ್ತಿಸಿತು. ಸುತ್ತಿ ಬಂದವಳು ಹುಟ್ಟೂರು ಮಾಳಿಗೆಕೊಪ್ಪಲಿನಲ್ಲೇ ಒಂದು ಪಾರ್ಕು ಕಟ್ಟಿಸಿದಳು: ಆಕಾಶಕ್ಕೇರುವ ತೊಟ್ಟಿಲು, ನೀರಿನ ಜಾರುಬಂಡೆ, ತಾನು ಹುಟ್ಟಿದ ಗುಡಿಸಲಿನ ಪಡಿಯಚ್ಚು. ಅದರ ವರಮಾನದಲ್ಲಿ ತಾಲ್ಲೂಕಿನ ಕೂಸುಗಳ ಮನೆಮನೆಗೂ ತಿಂಗಳಿಗೊಂದು ಚಿತ್ರದ ಪುಸ್ತಕ ಹೋಗುತ್ತಿತ್ತು. ಕೊಡುವ ಕೈಗೆ ದೇವರು ಮುಂದಿನ ದಾರಿಯನ್ನೂ ತೋರಿಸುತ್ತಾನೆ. ಒಂದು ದಿನ ಅವಳು ಬಾಲ್ಯದ ಗೆಳತಿ, ರಜನಿಯ ಅವ್ವ ಭಾನುಮತಿಯನ್ನು ಕರೆದು ಹೇಳಿದಳು:

"ಗೇಟಲ್ಲಿ ಕೂತ್ಕೋ. ಹೊರಡೋರಿಗೆಲ್ಲ 'ಹೋಗಿ ಬನ್ನಿ' ಅನ್ನು."

"ಗಂಡ ಸತ್ತ ಮುಂಡೆ ಕಣೇ ನಾನು. ಹೊರಡೋರ ಎದುರಿಗೆ ನಾನಾ?"

"ಅದಕ್ಕೇ ನೀನು."

ಮೊದಮೊದಲು ಜನ ಅವಳ ಬರಿ ಹಣೆ ನೋಡಿ, ಉಗುಳಿ, ಪಕ್ಕದ ಬೇಲಿ ನುಸುಳಿ ಹೋದರು. ಬರಬರುತ್ತ ಭಾನಕ್ಕ ಹೇಳದೆ ಮಕ್ಕಳು ಬಸ್ಸನ್ನೇ ಹತ್ತದಾದವು. ಅಂಥ ಇನ್ನೂ ನಾಲ್ಕಾರು ಹೆಂಗಸರಿಗೆ ಆ ಗೇಟು ಅನ್ನ ಕೊಟ್ಟಿತು, ಜನರೆದುರು ಎತ್ತುವ ಮುಖವನ್ನೂ ಕೊಟ್ಟಿತು.

ಆದರೆ ರಜನಿ ಮದುವೆಯಾಗಿ ಸಿಂಗಪುರಕ್ಕೆ ಹೊರಟ ದಿನ ಅವ್ವ ಅಡುಗೆಮನೆಯ ಬಾಗಿಲ ಮರೆಯಿಂದ ಈಚೆಗೆ ಬರಲಿಲ್ಲ. ರಜೆಗೆ ಬಂದು ಹೊರಟಾಗಲೂ ಅದೇ ಕತೆ.

"ಊರಿಗೆಲ್ಲಾ ಹೇಳ್ತೀಯ, ನನಗೂ ಒಂದ್ಸಲ ಹೇಳವ್ವ."

"ಊರೋರು ಬ್ಯಾರೆ, ನೀನು ಬ್ಯಾರೆ. ನನ್ನ ಮೊಖ ನೋಡ್ಕಂಡು ಹೋಗಿ ನಿಂಗೇನಾರ ಆದ್ರೆ?"

ಕಡೆಗಾಲಕ್ಕೆ ಮಗಳ ಮನೆ ಸೇರಿದ ಮೇಲೂ ಬದಲಾಗಲಿಲ್ಲ. ರಜನಿ ಒನ್-ನಾರ್ತ್‌ನ ಆಫೀಸಿಗೆ ಚಪ್ಪಲಿ ಮೆಟ್ಟುವ ಹೊತ್ತಿಗೆ ಅವ್ವ ಅಡುಗೆಮನೆಗೆ ಸರಿದುಬಿಡುವಳು. ನಿನ್ನೆಯೂ ಸರಿದಳು. ರಜನಿ ಎಂಆರ್‌ಟಿ ರೈಲು ಇಳಿಯುವಷ್ಟರಲ್ಲಿ ಅಲ್ಲೇ, ಸಿಂಕಿನ ಬುಡದಲ್ಲಿ, ಉಸಿರು ನಿಂತಿತ್ತು.

*

ಪೆಟ್ಟಿಗೆ ಮುಚ್ಚುವ ಮುನ್ನ ಊರಿನಿಂದ ಫೋನು ಬಂತು. ಸತ್ಯವತಿ. ಒಂದು ಪದ ಹಾಡುತ್ತಾಳೇನೋ ಎಂದು ಕುರ್ಚಿಗಳು ಹತ್ತಿರಕ್ಕೆ ಸರಿದವು. ಅವಳು ಹಾಡಲಿಲ್ಲ.

"ಸ್ಪೀಕರ್ ಆರಿಸು ಮಗಾ," ಎಂದಳು. ಕೆಮ್ಮಿದಳು. "ಕೊನೇಲಾದ್ರೂ ನಿಂಗೆ ಹೇಳಿದ್ಲಾ?"

ರಜನಿಗೆ ಯಾವುದೆಂದು ಕೇಳಬೇಕಾಗಲಿಲ್ಲ. "ಇಲ್ಲ ಚಿಕ್ಕವ್ವ."

ಆ ಕಡೆ ಸತ್ಯವತಿ ಮತ್ತೆ ಕೆಮ್ಮಿದಳು.

"ಎಷ್ಟು ಬಯ್ದಿದೀನಿ ಗೊತ್ತಾ ಅವಳನ್ನ? ನಗೋಳು. ಪಾರ್ಕು ಕಟ್ಟಿದೆ, ಪುಸ್ತಕ ಹಂಚಿದೆ, ಜನ ನನ್ನನ್ನ ದೇವತೆ ಅಂದ್ರು. ಆ ಒಂದು ಹೆದರಿಕೆ ಅವಳ ಎದೆಯಿಂದ ಕೀಳಕ್ಕಾಗಲಿಲ್ವಲ್ಲ ಮಗಾ."

"ನಾನು 'ಹೋಗಿ ಬಾ' ಅಂತ ಹೇಳಿ ಕಳಿಸಲಾ ಚಿಕ್ಕವ್ವ? ಇಲ್ಲಿ ಬೇಡ ಅಂತಾರೆ."

"ನಂಗೂ ಗೊತ್ತಿಲ್ಲ ಕಣವ್ವ," ಎಂದಳು ಮುದುಕಿ. "ಹೆದರಿಕೆ ನಂಗೂ ಐತೆ."

*

ಮಂಡಾಯಿ ಚಿತಾಗಾರದಲ್ಲಿ ಮನೆಯವರು ನಿಲ್ಲುವುದು ಗಾಜಿನ ಈಚೆಗೆ. ಆಚೆಗೆ, ಕೆಳಗಿನ ಹಜಾರದಲ್ಲಿ, ಪೆಟ್ಟಿಗೆ ಹೊತ್ತ ಗಾಡಿ ಯಾರೂ ತಳ್ಳದೆ ತಾನಾಗಿ ಸರಿಯತೊಡಗಿತು. ಇಶಿತಾ ಅಪ್ಪ ದಿವಾಕರನ ತೋಳಿಗೆ ಮುಖ ಒತ್ತಿದಳು.

ರಜನಿ ಗಾಜಿಗೆ ಬಾಯಿ ತಾಗುವಷ್ಟು ಹತ್ತಿರ ನಿಂತಳು. ಶಕುಂತಲಾ ಆಂಟಿ ಅವಳ ಪಕ್ಕಕ್ಕೆ ಬಂದು ನಿಂತರು. ಅವರ ಹಣೆಯೂ ಬರಿದೇ. ಬೆಳಗಿನಿಂದ ಕೆಲಸವೆಲ್ಲ ಮಾಡಿದವರು ಮಂಗಳದ ಮನೆಗಳಲ್ಲಿ ಎಂದೂ ಮುಂದಿನ ಸಾಲಿಗೆ ಬಂದವರಲ್ಲ.

ಗಾಡಿ ತಿರುವು ತೆಗೆದುಕೊಂಡಿತು. ಬಾಗಿಲು ಬಾಯಿ ಬಿಟ್ಟಿತು.

"ಹೋಗಿ ಬಾರವ್ವ," ಎಂದಳು ರಜನಿ, ಉಸಿರನ್ನೆಲ್ಲ ಬುತ್ತಿ ಕಟ್ಟಿಕೊಟ್ಟಂತೆ.

ಶಕುಂತಲಾ ಆಂಟಿಯ ಕೈ ಮೇಲೆದ್ದಿತು. ಅರ್ಧಕ್ಕೆ ನಿಂತಿತು. ತಮ್ಮದೇ ಸೆರಗನ್ನು ಮುದುಡಿ ಹಿಡಿದುಕೊಂಡಿತು.

ಬಾಗಿಲು ಮುಚ್ಚಿತು. ಜನ ಒಬ್ಬೊಬ್ಬರಾಗಿ, ಹೇಳದೆ ಕೇಳದೆ, ಸಾವಿನ ಮನೆಯ ರೀತಿಯಂತೆ ಹೊರಬಿದ್ದರು. ಮುಂದಿನ ಶವದ ಮನೆಯವರು ಆಗಲೇ ಹೊಸ್ತಿಲಲ್ಲಿದ್ದರು. ಗಾಜು ಒರೆಸುವ ಚೀನೀ ಹೆಂಗಸೊಬ್ಬಳು ಬಟ್ಟೆ ಹಿಡಿದು ಬಂದು, ರಜನಿಯ ಬಾಯಿಯ ಎತ್ತರಕ್ಕೆ ಮೂಡಿದ್ದ ಉಸಿರಿನ ಮಂಜನ್ನು ಕಂಡಳು. ಬಟ್ಟೆಯನ್ನು ಬೆನ್ನ ಹಿಂದೆ ಹಿಡಿದು ನಿಂತಳು. ಅಂಚಿನಿಂದ ಒಳಕ್ಕೆ, ಮೆಲ್ಲಗೆ, ಆ ಮಂಜು ತಾನಾಗಿ ಆರುತ್ತಿತ್ತು.