ಡಬ್ಬದ ತೂಕ

ಪಾರ್ಸೆಲ್ ಕೌಂಟರಿನಲ್ಲಿ ಕೂತು ದಿನವಿಡೀ ಕಂಡವರ ಗಂಟುಮೂಟೆ ತೂಗುವವಳು ನಾನು. ಅಂಥವಳಿಗೆ ಹೆತ್ತ ಮಗನ ತೂಕದ ಲೆಕ್ಕವೇ ಹತ್ತಲಿಲ್ಲ. ಎಂಟು ತಿಂಗಳಿಗೇ ಹನ್ನೊಂದು ಕಿಲೋ. ನೋಡಿದವರೆಲ್ಲ ಗುಂಡಣ್ಣ ಎಂದು ಕೆನ್ನೆ ಹಿಂಡುವವರೇ. ಆದರೆ ಗುಂಡಣ್ಣ ಬೋರಲು ಬೀಳುತ್ತಿರಲಿಲ್ಲ. ಚಾಪೆಯ ಮೇಲೆ ಮಲಗಿಸಿದರೆ ಒಂದು ಕೈ ಎತ್ತಿ, ಅರ್ಧ ಹೊರಳಿ, ಸುಸ್ತಾಗಿ ಮತ್ತೆ ಅಂಗಾತ.

ಮಕ್ಕಳ ಡಾಕ್ಟರು ಕೈಕಾಲು ಬಗ್ಗಿಸಿ ನೋಡಿದರು. "ಬೇರೇನೂ ತೊಂದ್ರೆ ಕಾಣ್ತಿಲ್ಲ. ಮೈ ಭಾರ, ಹೊರಳೋಕಾಗ್ತಿಲ್ಲ. ಏನೇನು ಕೊಡ್ತೀರ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಅಮ್ಮ, "ನಾನು ಹಗಲು ಮೂರೇ ಬಾಟಲಿ ಕೊಡೋದು ಡಾಕ್ಟ್ರೇ. ಇವಳೇ ಕೆಲಸದಿಂದ ಬಂದವಳು ಬೆಳಗಿನ ತನಕ ಎದೆಗೆ ಹಾಕ್ಕೊಂಡಿರ್ತಾಳೆ. ಹೇಳಿದ್ರೆ ಕೇಳಲ್ಲ" ಎಂದಳು.

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಂದಿನಿಂದ ನಾನಾಗಿಯೇ ಎದೆಹಾಲು ಕಡಿಮೆ ಮಾಡಿದೆ. ಅವನೂ ಅತ್ತ, ನಾನೂ ಅತ್ತೆ. ತಿಂಗಳೊಳಗೆ ಹಾಲು ಬತ್ತಿಹೋಯಿತು. "ಒಳ್ಳೇದೇ ಆಯ್ತು ಬಿಡೇ" ಎಂದು ಅಮ್ಮ ಬೆನ್ನು ಸವರಿದಳು. ತೂಕ ಮಾತ್ರ ಏರುತ್ತಲೇ ಇತ್ತು.

ಆಗ ನನ್ನ ಕಸುಬಿನ ಬುದ್ಧಿ ಎಚ್ಚೆತ್ತಿತು. ಆಫೀಸಿನಿಂದ ಲಕೋಟೆ ತೂಗುವ ಚಿಕ್ಕ ತಕ್ಕಡಿ ಕೇಳಿ ತಂದೆ. ಕೆಲಸಕ್ಕೆ ಹೊರಡುವ ಮುಂಚೆ ಹಾಲಿನ ಪುಡಿಯ ಡಬ್ಬ ತೂಗಿದೆ, ಸಂಜೆ ಬಂದು ಮತ್ತೆ ತೂಗಿದೆ. ಮೂರು ಬಾಟಲಿಗೆ ತೊಂಬತ್ತು ಗ್ರಾಂ ಇಳಿಯಬೇಕು. ಇಳಿದದ್ದು ನೂರ ಎಂಬತ್ತು. ಮರುದಿನವೂ ಅಷ್ಟೇ.

"ಅಮ್ಮಾ, ದಿನಕ್ಕೆ ಆರು ಬಾಟಲಿ ಕೊಡ್ತಿದ್ದೀಯಾ?"

ಮೊದಲು ಪುಡಿ ಚೆಲ್ಲಿತು ಎಂದಳು. ಆಮೇಲೆ ಇರುವೆ ಮುತ್ತಿತ್ತು, ಎಸೆದೆ ಎಂದಳು. ನಾನು ಜಗ್ಗದೆ ನಿಂತಾಗ ದನಿ ತಗ್ಗಿತು.

"ಹೊಟ್ಟೆ ತುಂಬಿದ್ರೆ ನನ್ನ ಹತ್ರ ನಗ್ತಾ ಇರ್ತಾನೆ ಕಣೇ. ಹಸಿದ್ರೆ ಬಾಗಿಲ ಕಡೆ ನೋಡ್ಕೊಂಡು ಅಳ್ತಾನೆ, ನೀನೇ ಬೇಕು ಅಂತ. ದಿನವಿಡೀ ನೋಡ್ಕೊಳ್ಳೋಳು ನಾನು."

ಮಗ ನನಗಾಗಿ ಅಳುತ್ತಿದ್ದ. ಆ ಅಳುವಿನ ಬಾಯಿಗೆ ಇವಳು ಬಾಟಲಿ ತುರುಕಿದ್ದಳು. ಡಾಕ್ಟರ ಮುಂದೆ ನನ್ನ ಮೇಲೆ ಗೂಬೆ ಕೂರಿಸಿದ್ದಳು. ನನ್ನ ಹಾಲು ಬತ್ತುವುದನ್ನು ಕಣ್ಣಾರೆ ಕಂಡೂ ತುಟಿ ಪಿಟಕ್ಕೆನ್ನಲಿಲ್ಲ. ಹೆತ್ತ ತಾಯಿಯೇ ನಂಬಿಸಿ ಕತ್ತು ಕೊಯ್ದರೆ ಯಾರ ಹತ್ತಿರ ಹೋಗಿ ಹೇಳಿಕೊಳ್ಳಲಿ?

ಮಗನನ್ನು ಎತ್ತಿ ಎದೆಗೆ ಹಚ್ಚಿಕೊಂಡೆ. ಎರಡು ಸಲ ಚೀಪಿ, ಏನೂ ಸಿಗದೆ ಬಿಟ್ಟ. ಅಮ್ಮನ ಕಡೆಗೆ ತಿರುಗಿ ಎರಡೂ ಕೈ ಚಾಚಿದ.