ಕಿವಿ ಮೇಸ್ತ್ರಿಯ ಸೊಸೆ

ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಚಾಲೂ ಇದ್ದ ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿಕೊಂಡರು. ಡಾಕ್ಟರ ಮುಂದೆ ಅಂಗಿ ಬಿಚ್ಚಿ ಕೂತ ರೋಗಿಯ ಹಾಗೆ ವ್ಯಾನಿನ ಡ್ರೈವರ್ ಉಸಿರು ಬಿಗಿಹಿಡಿದು ನಿಂತ. ಊರೆಲ್ಲ ಅವರನ್ನು ಕರೆಯುವುದು ಕಿವಿ ಮೇಸ್ತ್ರಿ ಎಂದೇ. ಒಂದು ಬೋಲ್ಟೂ ಬಿಚ್ಚದೆ ಎಂಜಿನ್ನಿನ ಹೊಟ್ಟೆಯೊಳಗಿನ ಗುಟ್ಟು ಹೇಳುವ ಕಿವಿ ಅದು ಎಂದು ಹೆಸರಾಗಿತ್ತು.

"ಟ್ಯಾಪೆಟ್ ಸಡಿಲ ಆಗಿದೆ. ಅರ್ಧ ಗಂಟೆ ಕೆಲಸ," ಎಂದರು ಮೇಸ್ತ್ರಿ, ಕಣ್ಣು ತೆರೆದು.

ಅದು ತಪ್ಪೆಂದು ಪಕ್ಕದಲ್ಲಿದ್ದ ಸೊಸೆಗೆ ಗೊತ್ತಾಗಿಹೋಯಿತು. ಅವಳಿಗೆ ಸ್ಕ್ರೂಡ್ರೈವರ್ ಹಚ್ಚುವ ಅಗತ್ಯವೇ ಇರಲಿಲ್ಲ. ಶಬ್ದ ಟ್ಯಾಪೆಟ್ ಇರುವ ಮೇಲ್ಭಾಗದಿಂದ ಬರುತ್ತಿರಲಿಲ್ಲ. ತಳದಿಂದ, ಒಳಗೆ ಸಿಕ್ಕಿಕೊಂಡವರು ಬಾಗಿಲು ಗುದ್ದುವ ಹಾಗೆ, ಭಾರವಾಗಿ ಬರುತ್ತಿತ್ತು. ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿದೆ. ಅದಕ್ಕೆ ಎಂಜಿನ್ ಇಳಿಸಿ, ಪೂರ್ತಿ ಬಿಚ್ಚಿ ಕಟ್ಟುವುದೊಂದೇ ದಾರಿ. ಹಾಗೇ ಓಡಿಸಿದರೆ ರಾಡು ಮುರಿಯುತ್ತದೆ, ಎಂಜಿನ್ ಜಾಮ್ ಆಗುತ್ತದೆ. ಇಳಿಜಾರಿನಲ್ಲಿ ಹಾಗಾದರೆ ಬ್ರೇಕು ಒತ್ತಲಾಗದಂತೆ ಕಲ್ಲಾಗುತ್ತದೆ, ಸ್ಟೇರಿಂಗು ಮಾತು ಕೇಳುವುದಿಲ್ಲ. ಈ ವ್ಯಾನು ಇಲ್ಲಿಂದ ನೆಟ್ಟಗೆ ಶಾಲೆಗೆ ಹೋಗಿ, ಪಂದ್ಯಕ್ಕೆ ಹೊರಟ ಮಕ್ಕಳನ್ನು ತುಂಬಿಕೊಂಡು ಬೆಟ್ಟ ದಾಟಬೇಕಿತ್ತು.

ಮಾವನವರ ಕಿವಿ ಹೋಗಿತ್ತು. ಇದು ಅವಳೊಬ್ಬಳಿಗೆ ಗೊತ್ತಿತ್ತು. ಮಾವನವರಿಗೂ ಗೊತ್ತಿರಲೇಬೇಕು, ಆದರೆ ಅವರದನ್ನು ತಮಗೆ ತಾವೂ ಹೇಳಿಕೊಂಡಂತಿರಲಿಲ್ಲ. ಮನೆಯಲ್ಲಿ ಟೀವಿ ಬೀದಿಗೆಲ್ಲ ಕೇಳುವಂತೆ ಅರಚುತ್ತಿತ್ತು. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ, ಆಮೇಲೆ "ಈಗಿನವರಿಗೆ ಬಾಯಿ ಬಿಟ್ಟು ಮಾತಾಡೋಕೂ ಸೋಮಾರಿತನ" ಎಂದು ಬೈಯುತ್ತಿದ್ದರು. ಶೆಡ್ಡಿನ ಕೆಲಸ ಊಹೆಯ ಮೇಲೆ ನಡೆಯುತ್ತಿತ್ತು. ಬರುವ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಟ್ಯಾಪೆಟ್ಟೇ ಸಡಿಲವಾಗಿರುತ್ತದೆ, ಹಾಗಾಗಿ ಊಹೆ ಹೆಚ್ಚಿನ ಸಲ ನಿಜವಾಗುತ್ತಿತ್ತು. ತಪ್ಪಿದ್ದನ್ನು ಅವಳು ಮಾವ ಅತ್ತ ಹೋದಾಗ ಸದ್ದಿಲ್ಲದೆ ಸರಿಮಾಡುತ್ತಿದ್ದಳು. ಆದರೆ ಬೇರಿಂಗ್ ಅಂಥ ಕದ್ದುಮುಚ್ಚಿ ಮಾಡುವ ಕೆಲಸವಲ್ಲ.

ಹೇಳಿಬಿಡಬಹುದಿತ್ತಲ್ಲ ಎನ್ನಬೇಡಿ. ಹೆತ್ತ ಅಪ್ಪ ಅವಳಿಗೆ ಸೈಕಲ್ಲಿನ ಚೈನೂ ಮುಟ್ಟಲು ಬಿಟ್ಟವನಲ್ಲ. ಗಂಡ ಗ್ರೀಸ್ ವಾಸನೆಗೆ ಮೂಗು ಮುಚ್ಚಿಕೊಂಡು ಬಟ್ಟೆ ಅಂಗಡಿ ಸೇರಿದಾಗ, ನಾಲ್ಕು ಜನ ನಕ್ಕರೂ ಲೆಕ್ಕಿಸದೆ ಸೊಸೆಯ ಕೈಗೆ ಸ್ಪ್ಯಾನರ್ ಕೊಟ್ಟವರು ಈ ಮಾವ. ಅಂಥವರನ್ನು ಗಿರಾಕಿಯ ಎದುರು ಕಿವುಡರೆನ್ನುವುದು ಹೇಗೆ?

"ಮಾವ, ಕೆಳಗಡೆ ಒಂದ್ಸಲ ನೋಡಿ," ಎಂದಳು ಮೆಲ್ಲಗೆ. ಅವರು ತಿರುಗಲೇ ಇಲ್ಲ. ಕೈಸನ್ನೆ ಮಾಡಿದಳು. "ನಾನು ನೋಡಾಯ್ತು, ಕವರ್ ಬಿಚ್ಚು ನೀನು," ಎಂದು ಗದರಿದರು.

ಅವಳು ಡ್ರೈವರನತ್ತ ತಿರುಗಿದಳು. "ಅಣ್ಣ, ಇವತ್ತು ಈ ಗಾಡಿ ಬೇಡ. ಎಂಜಿನ್ ಇಳಿಸಿ ನೋಡೋದು ಒಳ್ಳೇದು."

"ಮೇಸ್ತ್ರಿಗಿಂತ ನಿನ್ನ ಕಿವಿ ದೊಡ್ಡದೇನಮ್ಮ? ಉಗುರಲ್ಲಿ ಹೋಗೋದಕ್ಕೆ ಕೊಡಲಿ ತರ್ತೀಯಲ್ಲ!" ಎಂದು ಅವನು ನಕ್ಕ. ಅಷ್ಟರಲ್ಲಿ ಶಾಲೆಯಿಂದ ಫೋನು. "ಬಂದೆ ಸಾರ್, ಬಂದುಬಿಟ್ಟೆ. ಮಕ್ಕಳನ್ನ ಗೇಟ್ ಹತ್ರ ನಿಲ್ಲಿಸಿ."

ಅವಳು ಎಂಜಿನ್ನಿನ ಮೇಲಿನ ಕವರ್ ಬಿಚ್ಚಿದಳು. ಟ್ಯಾಪೆಟ್ಟಿನ ಪುಟ್ಟ ಸನ್ನೆಗಳಾದ ರಾಕರುಗಳ ಸಾಲು ಎಣ್ಣೆಯಲ್ಲಿ ಹೊಳೆಯಿತು. ಒಂದೊಂದರ ತಲೆಯ ಮೇಲೂ ಒಂದು ಪುಟ್ಟ ನಟ್ಟು, ಪಕ್ಕದಲ್ಲೇ ಎಣ್ಣೆ ತಳಕ್ಕೆ ಇಳಿಯುವ ತೂತು. ನಟ್ಟು ಅದರೊಳಗೆ ಬಿದ್ದರೆ ಕಥೆ ಮುಗಿಯಿತು, ತಳದ ಆಯಿಲ್ ಚೇಂಬರ್ ಬಿಚ್ಚದೆ ಗಾಡಿ ಕದಲುವಂತಿಲ್ಲ. ಕಲಿಯುವ ದಿನಗಳಲ್ಲಿ ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು ಇದು. ಅವಳು ಮಾಡಿರಲಿಲ್ಲ, ಮಾವನಿಗೆ ಅದೊಂದು ಹೆಮ್ಮೆ.

ಅವಳು ಮೂರನೇ ರಾಕರಿನ ನಟ್ಟು ಬಿಚ್ಚಿ ಅಂಗೈಯಲ್ಲಿ ಮುಚ್ಚಿಕೊಂಡಳು, ಬೆವರು ಒರೆಸುವ ನೆಪದಲ್ಲಿ ಅಂಗಿಯ ಜೇಬಿಗೆ ಇಳಿಸಿದಳು. ಆಮೇಲೆ "ಅಯ್ಯೋ!" ಎಂದು ಹಣೆ ಚಚ್ಚಿಕೊಂಡಳು. "ನಟ್ಟು ಒಳಗೆ ಬಿತ್ತು!"

ಡ್ರೈವರ್ ಉರಿದುಬಿದ್ದ. "ಥೂ! ಕೋತಿ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯ್ತು! ಮೇಸ್ತ್ರಿ, ನೋಡಿ ನಿಮ್ಮ ಸೊಸೆ ಕೆಲಸ!"

ಮೇಸ್ತ್ರಿ ಬಗ್ಗಿ ನೋಡಿದರು. ಮೂರನೇ ರಾಕರ್ ಬೋಳಾಗಿತ್ತು. ಅವರ ಮುಖ ಕಪ್ಪಿಟ್ಟಿತು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು, ಅವರು ಬೈಯಲೂ ಇಲ್ಲ. "ಚೇಂಬರ್ ಬಿಚ್ಚು," ಎಂದರು ಅಷ್ಟೆ.

ಅವಳು ವ್ಯಾನಿನ ಕೆಳಗಿನ ಗುಂಡಿಗಿಳಿದು ಎಣ್ಣೆ ಬಸಿದಳು. ಕಪ್ಪು ಎಣ್ಣೆಯಲ್ಲಿ ಸವೆದ ಬೇರಿಂಗಿನ ಚಿನ್ನದ ಬಣ್ಣದ ಚೂರುಗಳು ಮಿನುಗಿದವು. ಚೇಂಬರ್ ಕೆಳಗಿಳಿಸಿ, ರಾಡನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಳು. ಅಲ್ಲಾಡಬಾರದ್ದು ಕಟಕಟನೆ ಅಲ್ಲಾಡಿತು. ಇನ್ನು ಕರೆದು ತೋರಿಸಿದರೆ ಸಾಕು, ಯಾರ ಮರ್ಯಾದೆಯೂ ಹೋಗದೆ ವ್ಯಾನು ಇಲ್ಲೇ ಉಳಿಯುತ್ತದೆ ಎಂದು ವ್ಯಾನಿನಡಿಯಿಂದ ಹೊರಬರಲು ಬಗ್ಗಿದಳು. ಬಗ್ಗಿದ್ದೇ ತಪ್ಪಾಯಿತು. ಜೇಬಿನಿಂದ ಜಾರಿದ ನಟ್ಟು ಸಿಮೆಂಟಿನ ಮೇಲೆ ಟಣ್ಣೆಂದು ಬಿದ್ದು ಉರುಳಿತು.

ಡ್ರೈವರ್ ಗಕ್ಕನೆ ತಿರುಗಿದ. ಗುಂಡಿಗೆ ಇಳಿದು ನಟ್ಟನ್ನು ಎತ್ತಿಕೊಂಡ.

"ಜೇಬಲ್ಲಿತ್ತಾ? ಒಳಗೆ ಬಿತ್ತು ಅಂದೆಯಲ್ಲ!" ಅವನ ಕುತ್ತಿಗೆಯ ನರ ಉಬ್ಬಿತು. "ಗೊತ್ತಾಯ್ತು ಬಿಡು. ಚೆನ್ನಾಗಿರೋ ಎಂಜಿನ್ ಬಿಚ್ಚಿಸಿ ದುಡ್ಡು ಕೀಳೋ ಉಪಾಯ. ಊರಿಗೆಲ್ಲ ಹೇಳ್ತೀನಿ, ಈ ಶೆಡ್ಡಿನ ಬಾಗಿಲು ಹಾಕಿಸ್ತೀನಿ!"

ಅವಳು ತಲೆ ತಗ್ಗಿಸಿದಳು. ಸುಮ್ಮನಿದ್ದರೆ ಕಳ್ಳಿ, ಬಾಯಿ ಬಿಟ್ಟರೆ ಮಾವನ ಮಾನ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವಳ ಹಾಗೆ ನಿಂತಳು. ಕಣ್ಣೀರು ಮಾತ್ರ ಅವಳನ್ನು ಕೇಳದೆ ಇಳಿಯಿತು.

ನಟ್ಟು ಬಿದ್ದ ಸದ್ದಿಗೆ ಮೇಸ್ತ್ರಿ ತಿರುಗಿರಲಿಲ್ಲ. ಡ್ರೈವರನ ಕೈ ಬೀಸಾಟ ಕಂಡು ಈಗ ತಿರುಗಿದರು. ಅವನ ಕೈಯಲ್ಲಿದ್ದ ನಟ್ಟು ನೋಡಿದರು, ಸೊಸೆಯ ಮುಖ ನೋಡಿದರು. ಮೊಣಕಾಲು ಹಿಡಿದುಕೊಂಡು ಗುಂಡಿಗಿಳಿದರು. ಎಣ್ಣೆಯನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. ರಾಡಿಗೆ ಕೈ ಹಾಕಿ ಅಲ್ಲಾಡಿಸಿದರು, ಬಿಟ್ಟರು, ಇನ್ನೊಮ್ಮೆ ಅಲ್ಲಾಡಿಸಿದರು. ಆಮೇಲೆ ಎಷ್ಟೋ ಹೊತ್ತು ಕೈ ಒರೆಸಿಕೊಂಡರು. ಎಲ್ಲ ನಾನೇ ಹೇಳಿ ಮಾಡಿಸಿದ್ದು ಎಂದು ಮಾವ ಅಂದುಬಿಡಲಿ ದೇವರೇ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಅಷ್ಟು ಸಾಕಿತ್ತು, ಡ್ರೈವರ್ ಕಾಲಿಗೆ ಬೀಳುತ್ತಿದ್ದ.

"ಅವಳನ್ನ ಬೈಬೇಡ," ಎಂದರು ಮೇಸ್ತ್ರಿ. "ಬೇರಿಂಗ್ ಹೋಗಿದೆ. ಬೆಟ್ಟ ಇಳೀತಾ ಇರಲಿಲ್ಲ ನಿನ್ನ ಗಾಡಿ. ಅವಳಿಗೆ ಕೇಳಿಸ್ತು, ನಂಗೆ ಕೇಳಿಸ್ಲಿಲ್ಲ."

"ತಮಾಷೆ ಮಾಡ್ಬೇಡಿ ಮೇಸ್ತ್ರಿ."

ಮೇಸ್ತ್ರಿ ಅವನ ತುಟಿಗಳನ್ನೇ ನೋಡುತ್ತಿದ್ದರು. "ನಂಗೆ ಕಿವಿ ಕೇಳಿಸಲ್ಲಪ್ಪ. ಎಂಜಿನ್ನೂ ಇಲ್ಲ, ನೀನು ಈಗ ಕೂಗಾಡಿದ್ದೂ ಇಲ್ಲ. ನಿನ್ನ ಮುಖ ನೋಡಿ ತಿಳ್ಕೊಂಡೆ."

ಡ್ರೈವರ್ ಬಗ್ಗಿ ತಾನೇ ರಾಡು ಅಲ್ಲಾಡಿಸಿ ನೋಡಿದ. ಮುಖದಲ್ಲಿ ರಕ್ತ ಉಳಿಯಲಿಲ್ಲ. ಫೋನು ಮತ್ತೆ ಬಡಿದುಕೊಂಡಿತು. "ಸಾರ್, ನನ್ನ ಗಾಡಿ ಬರಲ್ಲ. ಬೇರೆ ಮಾಡ್ಕೊಳ್ಳಿ. ಬೈರಿ ಪರವಾಗಿಲ್ಲ, ಬೇರೆ ಮಾಡ್ಕೊಳ್ಳಿ," ಎಂದು ಇಟ್ಟ. ನಟ್ಟನ್ನು ಅವಳ ಕೈಗೆ ಕೊಟ್ಟ, ಆದರೆ ಅವಳ ಮುಖ ನೋಡಲಾರದೆ ಮೇಸ್ತ್ರಿಯತ್ತ ತಿರುಗಿದ. "ಯಾವಾಗಿಂದ ಮೇಸ್ತ್ರಿ?" ಎಂದು ಮೆತ್ತಗೆ ಕೇಳಿದ.

ಅವನು ಏನು ಕೇಳಿದನೆಂದು ಮೇಸ್ತ್ರಿಗೆ ತಿಳಿಯಲಿಲ್ಲ. ಅವರು ಸೊಸೆಯ ಕಡೆ ನೋಡಿದರು.

ಈ ಮನೆಗೆ ಬಂದಾಗಿನಿಂದ ಅವಳು ಮಾವನೆದುರು ದನಿ ಎತ್ತಿದವಳಲ್ಲ. ಈಗ ಅವರ ಕಿವಿಯ ಹತ್ತಿರ ಬಾಯಿಟ್ಟು, ಆಚೆ ಬೀದಿಯವರೂ ನಿಂತು ನೋಡುವ ಹಾಗೆ ಕೂಗಿದಳು. "ಮಾವಾ! ಯಾವಾಗಿಂದ ಅಂತ ಕೇಳ್ತಿದಾರೆ!"

"ಹಾಂ," ಎಂದರು ಮೇಸ್ತ್ರಿ, "ಹಾಗೆ ಹೇಳು. ಇನ್ಮೇಲೆ ಮನೇಲೂ ಹಾಗೇ ಹೇಳಮ್ಮ."